ಹೊಸ ಗೀಸರ್ ಹಾಕಿದರೆ ಆರ್‌ಸಿಸಿಬಿ ಟ್ರಿಪ್, ಅಂಗಡಿಯವರು ವಾಪಸ್ ತಗೊಳ್ತಿಲ್ಲ

ಹೊಸನಗರದಿಂದ ಪ್ರಶ್ನೆ
ಶಿವಮೊಗ್ಗದ ಅಂಗಡಿಯಿಂದ ತಂದ 15 ಲೀಟರ್, 2000 ವ್ಯಾಟ್ ಗೀಸರ್. ತಿಂಗಳೂ ಆಗಿಲ್ಲ. ಆನ್ ಮಾಡಿ ಐದು ನಿಮಿಷಕ್ಕೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗೇ ಆಫ್ ಆಗೋ ಸ್ವಿಚ್) ಬೀಳುತ್ತೆ. ಕಂಪನಿ ಮೆಕ್ಯಾನಿಕ್ "ನಿಮ್ಮ ಅರ್ಥಿಂಗ್ ಸರಿ ಇಲ್ಲ" ಅಂದು ಹೋದರು. ಅಂಗಡಿಯವರು ಬಿಲ್ ಮೇಲಿನ "ಮಾರಿದ ಮಾಲು ವಾಪಸ್ ಇಲ್ಲ" ತೋರಿಸ್ತಾರೆ. ಎಂತ ಮಾಡೋದು?

ಉತ್ತರ 1
ಅರ್ಥಿಂಗ್ ಅನ್ನುವ ಆ ಕಾರಣ ಒಪ್ಪಬೇಡಿ ಸರ್. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಾರದಿದ್ದರೆ ಆರ್‌ಸಿಸಿಬಿ ಬೀಳುತ್ತದೆ. ಮನೆಯದು ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಯೊಳಗೇ ಬೀಳುತ್ತದೆ. ಅರ್ಥಿಂಗ್ ಕೆಟ್ಟಿದ್ದರೆ ಬೀಳಬೇಕಾದಾಗಲೂ ಅದು ಬೀಳದೇ ಇರಬಹುದು. ವೈರಿಂಗ್‌ನಲ್ಲಿ ನ್ಯೂಟ್ರಲ್-ಅರ್ಥ್ ಎಲ್ಲೋ ತಾಗಿದ್ದರೆ ಟ್ರಿಪ್ ಆಗಬಹುದು, ಅದನ್ನು ಮೊದಲು ತಳ್ಳಿಹಾಕಿ: ಅದೇ ಪ್ಲಗ್‌ಗೆ 1000 ವ್ಯಾಟ್ ಇಸ್ತ್ರಿಪೆಟ್ಟಿಗೆ ಹಾಕಿ ಹತ್ತು ನಿಮಿಷ ಬಿಡಿ. ಬೀಳದಿದ್ದರೆ ಗೀಸರ್ ಮೇಲೇ ಅನುಮಾನ.

ಐದು ನಿಮಿಷದ ನಂತರ ಬೀಳುವುದು ದೊಡ್ಡ ಸುಳಿವು. ಎಲಿಮೆಂಟ್ (ನೀರು ಕಾಯಿಸುವ ಕಡ್ಡಿ) ಬಿಸಿಯಾದಾಗ ಅದರ ಇನ್ಸುಲೇಶನ್ ಮೂಲಕ ಕರೆಂಟು ಸೋರುತ್ತಿರಬಹುದು. ಮೆಕ್ಯಾನಿಕ್‌ಗಳು ತಣ್ಣಗಿದ್ದಾಗ ಮಲ್ಟಿಮೀಟರ್ ಹಿಡಿದು "ಸರಿ ಇದೆ" ಅನ್ನುವುದು ಇದಕ್ಕೇ. ಬಿಸಿಯಿರುವಾಗಲೇ ಪ್ಲಗ್ ಕಿತ್ತು, ಫೇಸ್ ಮತ್ತು ನ್ಯೂಟ್ರಲ್ ಪಿನ್ ಜೋಡಿಸಿ, ಅರ್ಥ್ ಪಿನ್‌ಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿಯಲು ಎಲೆಕ್ಟ್ರಿಶಿಯನ್‌ಗೆ ಹೇಳಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಗೀಸರ್‌ದೇ ದೋಷ. ಕವರ್ ಬಿಚ್ಚಿಸಬೇಡಿ, ವಾರಂಟಿಗೆ ಅದೇ ನೆಪವಾಗುತ್ತೆ. ಆರ್‌ಸಿಸಿಬಿ ಬೈಪಾಸ್ ಮಾಡುವುದು, ಅರ್ಥ್ ವೈರ್ ತೆಗೆಯುವುದು ಎರಡೂ ಬೇಡ. ಸ್ನಾನದ ಮನೆಯಲ್ಲಿ ಜೀವಕ್ಕೇ ಕುತ್ತು.

ಉತ್ತರ 2
ಬಿಲ್ ಮೇಲೆ ಅಚ್ಚು ಹಾಕಿದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಕಲಂ 2(47): ದೋಷವಿರುವ ಸರಕನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಲ್ಲೆ ಎನ್ನುವುದು ಅನುಚಿತ ವ್ಯಾಪಾರ ಪದ್ಧತಿ. ಹಾಗಾಗಿ ಇವತ್ತೇ ಬರವಣಿಗೆಯಲ್ಲಿ ಕೇಳಿ. ಅಂಗಡಿ, ಕಂಪನಿ ಇಬ್ಬರಿಗೂ ಇಮೇಲ್, ಜೊತೆಗೆ ಸ್ಪೀಡ್ ಪೋಸ್ಟ್. ಬಿಲ್, ಸೀಲ್ ಹಾಕಿದ ವಾರಂಟಿ ಕಾರ್ಡ್, ಸೀರಿಯಲ್ ನಂಬರಿನ ಫೋಟೋ, ಟ್ರಿಪ್ ಆಗುವ ವಿಡಿಯೋ ಲಗತ್ತಿಸಿ. ಫೋನಿನಲ್ಲಿ ಆಡಿದ ಮಾತಿಗೆ ಮುಂದೆ ಸಾಕ್ಷಿ ಇರುವುದಿಲ್ಲ.

ಹೊಸನಗರದಿಂದ
ಮೆಕ್ಯಾನಿಕ್ ಜಾಬ್ ಶೀಟ್‌ಗೆ ಸಹಿ, ಒಟಿಪಿ ಕೇಳ್ತಿದ್ದಾರೆ. ಕೊಡೋದಾ?

ಉತ್ತರ 2
ಒಟಿಪಿ ಬೇಡ! ಕೊಟ್ಟರೆ "ಸಮಸ್ಯೆ ಬಗೆಹರಿದಿದೆ" ಎಂದು ದೂರು ಮುಗಿಸಿಬಿಡುತ್ತಾರೆ. ಶೀಟ್ ಮೇಲೆ "ಟ್ರಿಪ್ ಮುಂದುವರಿದಿದೆ, ಅರ್ಥಿಂಗ್ ಕಾರಣ ಒಪ್ಪಿಲ್ಲ" ಎಂದು ಷರಾ ಬರೆದು ಸಹಿ ಮಾಡಿ, ಫೋಟೋ ಇಟ್ಟುಕೊಳ್ಳಿ.

ಆಮೇಲೂ ಜಗ್ಗದಿದ್ದರೆ 1915ಕ್ಕೆ ಕರೆ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಕಂಪನಿಗೆ ದೂರು ಕಳಿಸುತ್ತಾರೆ, ಆದೇಶ ಮಾಡುವ ಅಧಿಕಾರ ಇಲ್ಲ. ಆದೇಶ ಬೇಕೆಂದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. ಇ-ಜಾಗೃತಿ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ದೂರನ್ನು ಮನೆಯಿಂದಲೇ ಸಲ್ಲಿಸಬಹುದು, 5 ಲಕ್ಷದವರೆಗಿನ ಸರಕಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆನ್‌ಲೈನ್‌ನಲ್ಲಿ ಕೊಂಡವರೂ ತಮ್ಮ ವಾಸದ ಜಿಲ್ಲೆಯಲ್ಲೇ ಹಾಕಬಹುದು. ದೂರು ಹಾಕಲು ಗಡುವು 2 ವರ್ಷ.

ಉತ್ತರ 1
ಪರೀಕ್ಷೆಯಿಲ್ಲದೆ ದೋಷ ತೀರ್ಮಾನಿಸಲಾಗದಿದ್ದರೆ ಆಯೋಗ ಗೀಸರನ್ನು ಲ್ಯಾಬಿಗೆ ಕಳಿಸುತ್ತದೆ, ಶುಲ್ಕ ಮೊದಲು ನೀವೇ ಕಟ್ಟಬೇಕಾಗಬಹುದು. ಅದಕ್ಕೇ ಮೆಗ್ಗರ್ ರೀಡಿಂಗನ್ನು ಎಲೆಕ್ಟ್ರಿಶಿಯನ್ ಲೈಸೆನ್ಸ್ ನಂಬರ್, ದಿನಾಂಕದ ಸಮೇತ ಬರೆಸಿಕೊಂಡು ದೂರಿನ ಜೊತೆಗೇ ಇಡಿ. ಗೀಸರನ್ನು ಮಾತ್ರ ರಿಪೇರಿ ಮಾಡಿಸದೆ ಹಾಗೇ ಇರಿಸಿ.