ಡೌಟ್ ಅನ್ನಬೇಕೋ, ಕ್ವೆಶ್ಚನ್ ಅನ್ನಬೇಕೋ?

ಪ್ರಶ್ನೆ: ನಾನು ದಾವಣಗೆರೆಯವಳು, ಓದಿದ್ದು ಕನ್ನಡ ಮೀಡಿಯಂ. ಲಂಡನ್ನಿನ ಮ್ಯಾನೇಜರ್ ಜೊತೆ ಕಾಲ್‌ನಲ್ಲಿ 'ಐ ಹ್ಯಾವ್ ಎ ಡೌಟ್' ಅಂದೆ. ಅವರ ಮುಖ ಸಪ್ಪಗಾಯಿತು. ಏನು ಸರಿಯಿಲ್ಲ ಅಂತ ಕೇಳಿದರು. ನಾನು ಕೇಳಬೇಕಿದ್ದದ್ದು ಸುಮ್ನೆ ಫೈಲ್ ಎಲ್ಲಿದೆ ಅಂತ! ತಪ್ಪೆಲ್ಲಾಯಿತು?

ಉತ್ತರ: ನಮ್ಮಲ್ಲಿ ಡೌಟ್ ಅಂದರೆ ಅರ್ಥವಾಗದ್ದು. ಅಲ್ಲಿ ಅದು ಅಪನಂಬಿಕೆ. ನಿಮ್ಮ ಮಾತು ನಂಬೋಕಾಗಲ್ಲ ಅಂದ ಹಾಗೆ ಕೇಳಿಸುತ್ತದೆ. 'ಐ ಹ್ಯಾವ್ ಎ ಕ್ವೆಶ್ಚನ್' ಅನ್ನಿ, ಸಾಕು. ಕನ್ನಡದ 'ಅನುಮಾನ' ಎರಡಕ್ಕೂ ನಡೆಯುತ್ತದಲ್ವಾ, ಅದೇ ಎಡವಟ್ಟು.

ಇನ್ನೊಂದು ಉತ್ತರ: 'ಪಾಸ್ ಔಟ್' ಬಗ್ಗೆಯೂ ಹುಷಾರು. '2019ರಲ್ಲಿ ಪಾಸ್ ಔಟ್ ಆದೆ' ಅಂದಿದ್ದೆ. ಎಚ್ಚರ ತಪ್ಪಿ ಬಿದ್ದಿದ್ದೆ ಅಂದುಕೊಂಡರು! 'ಗ್ರಾಜುಯೇಟೆಡ್' ಅನ್ನಬೇಕಿತ್ತು.

ಪ್ರಶ್ನೆ ಕೇಳಿದವಳು: ಅಯ್ಯೋ, ನನ್ನ ರೆಸ್ಯೂಮೆಯಲ್ಲೂ ಅದೇ ಇದೆ!