ಸಹಾಯ ಬೇಕು: ಆರ್ಗೊನಾಟ್ ಪ್ರೋಟೀನ್ ಗೈಡ್ ಎಳೆಯ ತುದಿಯನ್ನು ಬಿಡುತ್ತದಾ?

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದವಳು, ಎಂಎಸ್ಸಿ ಓದುತ್ತಿದ್ದೇನೆ. ಸೋಮವಾರ ಆರ್‌ಎನ್‌ಎ ಇಂಟರ್‌ಫಿಯರೆನ್ಸ್ (ಚಿಕ್ಕ ಆರ್‌ಎನ್‌ಎ ತುಣುಕುಗಳು ಜೀನ್‌ಗಳನ್ನು ಸುಮ್ಮನಾಗಿಸುವ ಕ್ರಿಯೆ) ಬಗ್ಗೆ ಸೆಮಿನಾರ್ ಇದೆ. ಜೋಡಿ ಎಳೆಯ ಆರ್‌ಎನ್‌ಎಯನ್ನು ಚಿಕ್ಕ ತುಣುಕುಗಳಾಗಿ ಕತ್ತರಿಸುವ ಡೈಸರ್ ಕಿಣ್ವ ಅರ್ಥವಾಯಿತು. ಅದರ ಪಾಜ್ ಭಾಗ ಜೋಡಿ ಎಳೆಯ ತುದಿ ಹಿಡಿಯುತ್ತದೆ, ಅಲ್ಲಿಂದ ಕತ್ತರಿಸುವ ಜಾಗದವರೆಗಿನ ದೂರವೇ ತುಣುಕಿನ ಉದ್ದಕ್ಕೆ ಅಳತೆಕೋಲು. ಎಷ್ಟು ಚಂದ ಅಲ್ವಾ!

ಸಿಕ್ಕಿಬಿದ್ದದ್ದು ಆರ್ಗೊನಾಟ್-2 ಹತ್ತಿರ. ಈ ಪ್ರೋಟೀನ್ ಆ ತುಣುಕಿನ ಒಂದು ಎಳೆಯನ್ನು ಗೈಡ್ (ದಾರಿ ತೋರಿಸುವ ಎಳೆ) ಆಗಿ ಇಟ್ಟುಕೊಂಡು, ಅದಕ್ಕೆ ಜೋಡಿಯಾಗುವ ಟಾರ್ಗೆಟ್ ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಗೈಡ್ ಎಳೆಯ 5' (ಆರಂಭದ) ತುದಿಯನ್ನು ಇದರ ಮಿಡ್ ಭಾಗ, 3' (ಕೊನೆಯ) ತುದಿಯನ್ನು ಇದರದೇ ಪಾಜ್ ಭಾಗ ಹಿಡಿದಿರುತ್ತವೆ. ಪಿವಿ ಭಾಗ ಟಾರ್ಗೆಟ್ ಎಳೆಯನ್ನು ಗೈಡ್‌ನ 10 ಮತ್ತು 11ನೇ ಅಕ್ಷರಗಳ ಎದುರು ಕತ್ತರಿಸುತ್ತದೆ. ಎರಡೂ ತುದಿ ಗಟ್ಟಿಯಾಗಿ ಹಿಡಿದಿದ್ದರೆ ಟಾರ್ಗೆಟ್ ಅದನ್ನು ಹೇಗೆ ಸುತ್ತಿಕೊಳ್ಳುತ್ತದೆ? ಮನೆಯಲ್ಲಿ ದಾರ ಕಟ್ಟಿ, ಹೊಸೆದು ನೋಡಿದೆ, ಸರಿಯಾಗಿ ಕೂರಲಿಲ್ಲ. ಪುಸ್ತಕದ ಚಿತ್ರದಲ್ಲಿ ಎರಡೂ ತುದಿ ಹಿಡಿದೇ ಇವೆ.

ಪಾಜ್ 3' ತುದಿಯನ್ನು ಬಿಡುವುದು ಕತ್ತರಿಸುವ ಮೊದಲಾ, ಆಮೇಲಾ? ಗೊತ್ತಿದ್ದವರು ದಯವಿಟ್ಟು ಹೇಳಿ.