ಸಹಾಯ ಬೇಕು: ಸಭೆಯಲ್ಲಿ ಮಕ್ಕಳ ಮಾತಿಗೂ ಜಾಗ ಮಾಡುವುದು ಹೇಗೆ?

ನಮಸ್ಕಾರ ಎಲ್ಲರಿಗೂ. ಮುಂದೆ ನಮ್ಮ ನೀರು, ಕಸ, ಮರ, ಆಟದ ಜಾಗ ಹೇಗಿರಬೇಕು ಅಂತ ದೊಡ್ಡವರು ಸಭೆ ಸೇರುತ್ತಿದ್ದೇವೆ. ಮಕ್ಕಳೂ ಇರಲಿ ಅಂತ ನನ್ನ ಆಸೆ. ಸುಮ್ನೆ ಸ್ವಾಗತಗೀತೆ ಹಾಡಿಸಿ, ಫೋಟೋ ತೆಗೆದು ಕಳಿಸುವುದಕ್ಕಲ್ಲ. ತಮಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವುದು ಅವರ ಹಕ್ಕು ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೇ ಹೇಳುತ್ತದೆ.

ಆದರೆ ಮೈಕ್ ಕೊಟ್ಟರೆ ಟೀಚರ್ ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತಾರೆ. ಜೊತೆಯಲ್ಲಿ ನಡೆದುಕೊಂಡು ಹೋದರೆ ಬೇರೆಯೇ ಮಾತು: "ಇಲ್ಲಿ ರಸ್ತೆ ದಾಟೋಕೆ ಭಯ", "ಈ ಮರ ಕಡಿದರೆ ನಾವೆಲ್ಲಿ ಕೂರೋದು?" ಅದಕ್ಕೇ ಹೀಗೆ ನಡೆದು ನೋಡಿದ ಜಾಗಗಳ ನಕ್ಷೆಯನ್ನು ಅವರ ಕೈಯಲ್ಲೇ ಬರೆಸೋಣ ಅಂತಿದ್ದೇನೆ.

ಇಂಥದ್ದು ಮಾಡಿದವರು ಇದ್ದೀರಾ? ಬಾಯಿ ಬಿಡದ ಮಕ್ಕಳನ್ನು ಹೇಗೆ ಮಾತಾಡಿಸಿದಿರಿ? ಅವರು ಕೇಳಿದ್ದರಲ್ಲಿ ಯಾವುದು ಆಯ್ತು, ಯಾವುದು ಯಾಕೆ ಆಗಲಿಲ್ಲ ಅಂತ ಮತ್ತೆ ಅವರಿಗೆ ತಿಳಿಸಿದ್ದು ಹೇಗೆ? ದಯವಿಟ್ಟು ಬರೆಯಿರಿ.